ಗೊಡುಗು ಎಂಕಣ್ಣನ ನಾಲ್ಕನೇ ಹಂತ

ಭರತೇಶರು ಬುದ್ಧಿ ಬಂದಾಗಿನಿಂದ ಬೇಕೆಂದು ಒಂದು ಇರುವೆಯನ್ನೂ ಕೊಂದವರಲ್ಲ. ಚನ್ನರಾಯಪಟ್ಟಣದ ಕಡೆಯ ಜೈನರ ಮನೆತನ. ನೀರು ಸೋಸಿ ಕುಡಿಯುವುದು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು, ನೆಲ ನೋಡಿ ಹೆಜ್ಜೆ ಇಡುವುದು, ಇವನ್ನೆಲ್ಲ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಒಂಬತ್ತು ವರ್ಷಗಳಲ್ಲೂ ಒಂದು ದಿನ ತಪ್ಪಿಸಿರಲಿಲ್ಲ. ಸುಳ್ಳಿನ ವಿಷಯದಲ್ಲಿ ಮಾತ್ರ ಅವರ ವ್ರತ ಸ್ವಲ್ಪ ಸಡಿಲ. ಯಾರಿಗೂ ಕೇಡು ಮಾಡುವ ಸುಳ್ಳಲ್ಲ ಬಿಡಿ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಗ್ರಾಹಕರ ಎದುರು ಕೂತ ಫಲವಾಗಿ, ಯಾರಾದರೂ ಏನನ್ನಾದರೂ ಆಸೆಯಿಂದ ತೋರಿಸಿದರೆ ‘ನನಗೆ ಗೊತ್ತಿಲ್ಲ’ ಎನ್ನಲು ಅವರಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ನೋಡದ ಸಿನಿಮಾವನ್ನು ಹೊಗಳಿದ್ದರು. ತಿನ್ನದ ಆವಕಾಯಿ ಉಪ್ಪಿನಕಾಯಿಗೆ ಉಪ್ಪು ಹದವಾಗಿದೆ ಎಂದಿದ್ದರು. ಒಮ್ಮೆ ಒಬ್ಬ ಗ್ರಾಹಕರಿಗೆ ‘ನಿಮ್ಮ ಮೊಮ್ಮಗು ಥೇಟ್ ನಿಮ್ಮ ಹಾಗೇ ಇದೆ’ ಎಂದರು. ಮಗು ಇನ್ನೂ ಹುಟ್ಟಿರಲಿಲ್ಲ.

“ಇರುವೆ ಸತ್ರೆ ಉಪವಾಸ ಮಾಡ್ತೀರಿ, ಸತ್ಯ ಸತ್ರೆ ಕಾಫಿ ಕುಡೀತೀರಿ” ಎಂದು ಹೆಂಡತಿ ವಿಜಯಲಕ್ಷ್ಮೀ ಎಷ್ಟೋ ಸಲ ಹೇಳಿದ್ದುಂಟು. ಭರತೇಶರು ಆಗಲೂ ಕಾಫಿ ಕುಡಿಯುತ್ತಲೇ ಕೇಳುತ್ತಿದ್ದರು.

ಇಂಥವರ ಒಬ್ಬಳೇ ಮಗಳು ಪ್ರೇರಣಾ. ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ದಿನವೂ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು ಅದೇ ಬಸ್ಸಿನ ಸುಮಂತ್ ಎಂಬ ವಿಜಯವಾಡದ ಹುಡುಗನನ್ನು ಮೆಚ್ಚಿಕೊಂಡಳು. ಮನೆಯಲ್ಲಿ ಮೂರು ತಿಂಗಳು ಮುನಿಸು, ಒಂದು ತಿಂಗಳು ಅಳು ನಡೆಯಿತು. ಹುಡುಗ ತಾನಾಗಿ ಮೊಟ್ಟೆ ತಿನ್ನುವುದನ್ನು ಬಿಟ್ಟ ಸುದ್ದಿ ಬಂದ ಮೇಲೆ ಭರತೇಶರು ಕರಗಿದರು. ಇನ್ನು ಉಳಿದದ್ದು ಹುಡುಗನ ತಂದೆ ರಾಮಮೋಹನ್ ಅವರ ಒಪ್ಪಿಗೆ.

“ಅಪ್ಪಾಜಿ, ಒಂದೇ ಒಂದು ಮಾತು” ಎಂದು ಪ್ರೇರಣಾ ವಿಜಯವಾಡದ ರೈಲಿನಲ್ಲೇ ಎಚ್ಚರಿಸಿದಳು. “ಅವರು ಜಾತಿ ಕೇಳಲ್ಲ, ಜಾತಕ ಕೇಳಲ್ಲ. ಸುಳ್ಳು ಹೇಳಿದ್ರೆ ಮಾತ್ರ ಆಗಲ್ಲ. ಸುಮಂತ್ ಅಕ್ಕನಿಗೆ ಬಂದ ಮೊದಲನೇ ಗಂಡಿನ ಕಡೆಯೋರು, ಬಾಡಿಗೆ ಮನೇನ ಸ್ವಂತದ್ದು ಅಂದಿದ್ರಂತೆ. ತಾಂಬೂಲದ ತಟ್ಟೇನ ಬಾಗಿಲಿಂದಲೇ ವಾಪಸ್ ಕಳಿಸಿದ್ರಂತೆ.”

“ನಾನ್ಯಾಕಮ್ಮಾ ಸುಳ್ಳು ಹೇಳಲಿ?” ಎಂದರು ಭರತೇಶರು, ನಿಜವಾಗಿಯೂ ನೊಂದು.

ರಾಮಮೋಹನ್ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತರಾದವರು. ಬಳ್ಳಾರಿಯಲ್ಲಿ ಓದಿದ್ದರಿಂದ ಕನ್ನಡ ಸರಾಗ. ಸಣ್ಣ ದನಿಯ, ತೆಳ್ಳನೆಯ ಮನುಷ್ಯ. ಅವರ ಪಕ್ಕದಲ್ಲಿ ಅವರ ಮೂರರಷ್ಟು ಜಾಗ ಹಿಡಿದು ಕೂತಿದ್ದವರು ಅಣ್ಣ ಬಾಬ್ಜಿ. ಆ ಮನೆಯಲ್ಲಿ ನಗುವ ಹಕ್ಕೆಲ್ಲ ಅವರದ್ದು. ರಾಮಮೋಹನರ ಹೆಂಡತಿ ಅನ್ನಪೂರ್ಣಮ್ಮ ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ ಕೊಟ್ಟರು. ನೆಲದೊಳಗೆ ಬೆಳೆಯುವುದನ್ನು ನೀವು ತಿನ್ನುವುದಿಲ್ಲವೆಂದು ಶುಂಠಿ ಬಿಟ್ಟೇ ಮಾಡಿದ್ದೇನೆ ಎಂದಾಗ ವಿಜಯಲಕ್ಷ್ಮಿಯ ಕಣ್ಣು ತುಂಬಿತು. ಎಲ್ಲವೂ ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಭರತೇಶರ ಕಣ್ಣು ಗಾಜಿನ ಬೀರುವಿನ ಮೇಲೆ ಬಿತ್ತು. ಅದರಲ್ಲಿ ಒಂದು ಹಳದಿ ವಿಡಿಯೋ ಗೇಮ್ ಕ್ಯಾಸೆಟ್ಟು, ಅದರ ಮೇಲೆ ಕೊಡೆ ಹಿಡಿದು ಹಾರುತ್ತಿರುವ ಒಬ್ಬ ಮೀಸೆಯ ಮನುಷ್ಯ.

“ಅದಾ?” ಎಂದು ರಾಮಮೋಹನ್ ಸಂಕೋಚದಿಂದ ಎದ್ದು ತಂದರು. “ಗೊಡುಗು ಎಂಕಣ್ಣ. ಗೊಡುಗು ಅಂದ್ರೆ ಕೊಡೆ. ತೊಂಬತ್ತೆಂಟರಲ್ಲಿ ನಾನೇ ಮಾಡಿದ ಆಟ. ಎಂಕಣ್ಣನ ಕೊಡೆ ಗಾಳಿಗೆ ಹಾರಿಹೋಗುತ್ತೆ, ಅವನು ವಿಜಯವಾಡದ ತಾರಸಿಯಿಂದ ತಾರಸಿಗೆ ಹಾರ್ತಾ ಅದರ ಹಿಂದೆ ಓಡ್ತಾನೆ. ಎರಡು ವರ್ಷ ರಜಾ ಹಾಕಿ ಮಾಡಿದೆ. ನೂರು ಕ್ಯಾಸೆಟ್ ಮಾಡಿಸಿದ್ದೆ.”

“ಪೇಪರಿನವನು ಹತ್ತು ನಿಮಿಷ ಆಡಿ ಏನು ಬರೆದ ಹೇಳು” ಎಂದರು ಬಾಬ್ಜಿ ತೆಲುಗಿನಲ್ಲಿ. ತಮ್ಮ ಹೇಳಲಿಲ್ಲ. ಅವರೇ ಹೇಳಿದರು: “ಕಾಲು ಗಿಡ್ಡ ಇರುವ ಮೇಜಿನ ಕೆಳಗೆ ಇಡೋಕೆ ಸರಿಯಾಗಿದೆ ಅಂತ ಬರೆದ. ನಾನು ಇಟ್ಟು ನೋಡಿದೆ. ನಿಜವಾಗಿಯೂ ಸರಿಯಾಗಿತ್ತು!” ಬಾಬ್ಜಿಯವರ ಹೊಟ್ಟೆ ಕುಲುಕಿತು. ಸೋಫಾ ಕೂಡ ಕುಲುಕಿತು.

“ನೀವು ಇದರ ಹೆಸರು ಕೇಳಿರಲಿಕ್ಕಿಲ್ಲ ಬಿಡಿ” ಎಂದು ರಾಮಮೋಹನ್ ಕ್ಯಾಸೆಟ್ಟಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿದರು.

ಆ ಒರೆಸುವುದನ್ನು ಭರತೇಶರು ನೋಡಬಾರದಿತ್ತು. ನೋಡಿದರು. ಮೂವತ್ತೆರಡು ವರ್ಷದ ಸೇವೆ ಒಟ್ಟಾಗಿ ಎದ್ದು ಬಾಯಿಗೆ ಬಂತು.

“ಕೇಳೋದೇನು ಸಾರ್, ಆಡಿದ್ದೀನಿ! ಹಾಸನ ಬ್ರಾಂಚಲ್ಲಿದ್ದಾಗ. ಅದ್ಭುತ! ನಾಲ್ಕೂ ಹಂತ ಮುಗಿಸಿದ್ದೆ.”

ನಾಲ್ಕು ಹಂತಗಳ ಸಾಹಸ ಎಂದು ಕ್ಯಾಸೆಟ್ಟಿನ ಮೇಲೆಯೇ ಅಚ್ಚಾಗಿತ್ತು. ಪ್ರೇರಣಾ ಕಣ್ಣು ಮುಚ್ಚಿಕೊಂಡಳು. ವಿಜಯಲಕ್ಷ್ಮೀ ಪೆಸರಟ್ಟನ್ನು ತಟ್ಟೆಗೆ ಇಳಿಸಿದರು.

ರಾಮಮೋಹನ್ ಭರತೇಶರ ಮುಖವನ್ನು ಬಹಳ ಹೊತ್ತು ನೋಡಿದರು. “ನಾಲ್ಕೂ?” ಎಂದರು.

“ನಾಲ್ಕೂ” ಎಂದರು ಭರತೇಶರು. ಅಷ್ಟು ದೂರ ಬಂದ ಮೇಲೆ ಒಂದು ಹಂತ ಬಿಟ್ಟುಕೊಡುವುದು ಹೇಗೆ?

ರಾಮಮೋಹನರ ಕಣ್ಣಿನಲ್ಲಿ ನೀರು ಬಂತು. ಎದ್ದು ಬಂದವರೇ ಭರತೇಶರನ್ನು ತಬ್ಬಿಕೊಂಡರು. “ಬಾವಗಾರು” ಎಂದರು. ತೆಲುಗರಲ್ಲಿ ಬೀಗರನ್ನು ಕರೆಯುವ ಮಾತು ಅದು. ಮದುವೆ ಅಲ್ಲಿಗೆ ನಿಶ್ಚಯವಾದಂತೆಯೇ. ಇಪ್ಪತ್ತೆರಡನೇ ದಿನಕ್ಕೆ ನಿಶ್ಚಿತಾರ್ಥವೂ ಗೊತ್ತಾಯಿತು.

ಬಾಬ್ಜಿ ಮಾತ್ರ ನಗುವುದನ್ನು ನಿಲ್ಲಿಸಿದ್ದರು. “ಹಾಗಾದರೆ ನಿಶ್ಚಿತಾರ್ಥದ ದಿನ ನಮಗೂ ತೋರಿಸಿಬಿಡಲಿ. ಬಂಧುಗಳೆಲ್ಲ ಇರ್ತಾರೆ. ಈ ಎಂಕಣ್ಣನಿಗೆ ಕೊಡೆ ಸಿಗುತ್ತೋ ಇಲ್ಲವೋ ನಮ್ಮ ಕಣ್ಣಾರೆ ನೋಡ್ತೀವಿ.”

“ಬೇಡ ಅನ್ನಯ್ಯಾ, ಅವರಿಗ್ಯಾಕೆ ತೊಂದರೆ” ಎಂದು ರಾಮಮೋಹನ್ ಎರಡು ಸಲ ಹೇಳಿದರು. ಭರತೇಶರಿಗೆ ಅದು ವಿನಯವಾಗಿ ಕಂಡಿತು. ವಿನಯಕ್ಕೆ ವಿನಯವೇ ಉತ್ತರವಲ್ಲವೇ? “ತೊಂದರೆ ಏನ್ ಬಂತು ಸಾರ್, ಸಂತೋಷವಾಗಿ ತೋರಿಸ್ತೀನಿ” ಎಂದರು. ಹೊರಡುವಾಗ ರಾಮಮೋಹನ್ ಒಂದು ಕ್ಯಾಸೆಟ್ಟನ್ನೂ ಅದನ್ನು ಟೀವಿಗೆ ಸಿಕ್ಕಿಸಿ ಆಡುವ ಹಳೆಯ ಪೆಟ್ಟಿಗೆಯನ್ನೂ ಕೈಗಿಟ್ಟರು.

ವಾಪಸು ಹೊರಟ ರೈಲು ತುನಿ ನಿಲ್ದಾಣ ದಾಟಿತು.

“ನನ್ನ ಮದುವೆ ಇನ್ನು ಆ ಮೀಸೆಯೋನ ಕೈಲಿದೆ” ಎಂದಳು ಪ್ರೇರಣಾ ಕೊನೆಗೆ. ಬಯ್ದಿದ್ದರೆ ಭರತೇಶರು ತಡೆದುಕೊಳ್ಳುತ್ತಿದ್ದರು. ಮಗಳು ಕಿಟಕಿಯ ಕಡೆ ತಿರುಗಿ ಕೂತಳು. ಇಪ್ಪತ್ತೆರಡು ದಿನದಲ್ಲಿ ಆಟ ಮುಗಿಸಿಯೇ ತೀರುತ್ತೇನೆ, ಸುಳ್ಳನ್ನು ನಿಜ ಮಾಡಿಯೇ ಮಾಡುತ್ತೇನೆ ಎಂದು ಅನಕಾಪಲ್ಲಿ ನಿಲ್ದಾಣದಲ್ಲಿ ಮನಸ್ಸಿನಲ್ಲೇ ಸಂಕಲ್ಪ ಮಾಡಿದರು.

ಮೊದಲ ಅಡ್ಡಿ ಟೀವಿಯದು. ಮನೆಯ ತೆಳು ಟೀವಿಯಲ್ಲಿ ಆ ಪೆಟ್ಟಿಗೆಯ ವೈರಿಗೆ ತೂತೇ ಇರಲಿಲ್ಲ. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು ಬ್ಯಾಂಕಿನ ಹಳೆಯ ಗ್ರಾಹಕರು. ಅವರ ಗೋದಾಮಿನಲ್ಲಿದ್ದ ಡಬ್ಬಾ ಟೀವಿ ಆಟೋದಲ್ಲಿ ಬಂತು. ಅದರ ಜೊತೆ ಹದಿನೈದು ವರ್ಷದ ಬೆಲ್ಲದ ವಾಸನೆ ಬಂತು. ವಾಸನೆಯ ಜೊತೆ ಇರುವೆಗಳು ಬಂದವು.

ಆ ಟೀವಿಯ ಮುಂದೆ ಭರತೇಶರು ಚಾಪೆ ಹಾಸಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತರು. ತಮ್ಮ ಕೈಕೆಳಗೆ ಬಂದ ಯಾವ ಹೊಸಬನನ್ನೂ ಮೊದಲ ವಾರದಲ್ಲೇ ಕೆಲಸಕ್ಕೆ ಬಾರದವನು ಎಂದು ಅವರು ಬರೆದು ಕಳಿಸಿದವರಲ್ಲ. ಎಂಕಣ್ಣನಿಗೂ ಅದೇ ನ್ಯಾಯ. ಪೇಪರಿನವನು ಕೊಟ್ಟ ಹತ್ತು ನಿಮಿಷ ಯಾವ ಲೆಕ್ಕ?

ಮೊದಲ ದಿನದ ಟಿಪ್ಪಣಿ ಹೀಗಿತ್ತು: “ಹಾರು ಎಂದರೆ ಹಾರುತ್ತಾನೆ, ಒಂದು ಸೆಕೆಂಡು ತಡವಾಗಿ. ಅಷ್ಟರಲ್ಲಿ ಕೆಳಗೆ ಬಿದ್ದಿರುತ್ತಾನೆ. ಬಿದ್ದ ಮೇಲೆ ಹಾರುತ್ತಾನೆ. ವಿಧೇಯತೆ ಇದೆ, ಸಮಯಪ್ರಜ್ಞೆ ಇಲ್ಲ.”

ನಿಜವಾದ ಕಷ್ಟ ಬೇರೆ ಇತ್ತು. ತಾರಸಿಗಳ ಮೇಲೆ ಇರುವೆ, ಹಲ್ಲಿ, ಕೋತಿ ಓಡಾಡುತ್ತಿದ್ದವು. ತಲೆಯ ಮೇಲೆ ಹಾರಿ ತುಳಿದರೆ ಅವು ಪಟ್ ಎಂದು ಸಾಯುತ್ತವೆ. ಭರತೇಶರು ತುಳಿಯಲಿಲ್ಲ. ಪ್ರತಿ ಇರುವೆಯೂ ಆ ಕಡೆಗೆ ಹೋಗುವವರೆಗೆ ಎಂಕಣ್ಣನನ್ನು ಮೂಲೆಯಲ್ಲಿ ನಿಲ್ಲಿಸಿ ಕಾದರು. ಒಂದು ದಪ್ಪ ಇರುವೆ ಇಪ್ಪತ್ತು ನಿಮಿಷವಾದರೂ ಅಲುಗಲಿಲ್ಲ. ವಿಜಯಲಕ್ಷ್ಮೀ ಬಂದು ನೋಡಿ, “ರೀ, ಅದು ಆಟದ್ದಲ್ಲ, ಬೆಲ್ಲದ್ದು” ಎಂದು ಗಾಜಿನ ಮೇಲಿಂದ ಅದನ್ನು ಕಾಗದದಲ್ಲಿ ಎತ್ತಿ ಹೊರಗೆ ಬಿಟ್ಟರು.

ಇದನ್ನೆಲ್ಲ ಕೇಳಿ ಎದುರು ಫ್ಲ್ಯಾಟಿನ ಪೃಥ್ವೀರಾಜ್ ಬಂದ. ಮಂಡ್ಯದ ಹುಡುಗ, ನೌಕಾಪಡೆಯಲ್ಲಿ ಕೆಲಸ. ಕೂತ ಭಂಗಿಯೂ ದೇಶ ಕಾಯುವವನದೇ.

“ತುಳೀರಿ ಸಾ ಅದನ್ನ!”

“ಯಾಕಪ್ಪಾ ತುಳೀಬೇಕು? ಅದರ ಪಾಡಿಗೆ ಅದು ಹೋಗ್ತಿದೆ.”

“ಅದು ಶತ್ರು ಸಾ!”

“ನಾವೇ ಅದರ ತಾರಸಿಗೆ ಬಂದಿರೋದು, ನೋಡು.”

ಪೃಥ್ವೀರಾಜ್ ಹಣೆ ಹಣೆ ಚಚ್ಚಿಕೊಂಡ. ಕೊನೆಗೆ ತಾನೇ ಆಡಲು ಕೂತ. ಸಿಕ್ಕಿದ್ದನ್ನೆಲ್ಲ ತುಳಿಯುತ್ತ ಎರಡು ಹಂತವನ್ನು ಒಂದು ಗಂಟೆಯಲ್ಲಿ ದಾಟಿದ. ಆ ಒಂದು ಗಂಟೆ ಭರತೇಶರು ಬಾಲ್ಕನಿಯಲ್ಲಿ ನಿಂತು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದರು. ಮೂರನೇ ಹಂತ ರೈಲು ನಿಲ್ದಾಣದ ಕಾಲುಸೇತುವೆ. ಅದರ ನಟ್ಟನಡುವೆ ಒಂದು ದೊಡ್ಡ ಕಂಡಿ. ಪೃಥ್ವೀರಾಜ್ ಆ ಕಂಡಿಗೆ ಬಿದ್ದ. ಮತ್ತೆ ಬಿದ್ದ. ನಾಲ್ಕು ದಿನ ಡ್ಯೂಟಿ ಮುಗಿಸಿ ಬಂದು ಬಿದ್ದ.

“ಸಾ, ನಾನು ಚಂಡಮಾರುತದಲ್ಲಿ ಹಡಗು ಹತ್ತಿ ಇಳಿದೋನು. ಇದು ದಾಟಾಕಿಲ್ಲ” ಎಂದು ಐದನೇ ದಿನ ಕೈಚೆಲ್ಲಿದ. “ಆಟವೇ ಕೆಟ್ಟೈತೆ. ನೀವು ಆವತ್ತು ಅಲ್ಲಿಗಂಟ ಆಡಿ ಬಿದ್ದುಬಿಡಿ. ಅಭ್ಯಾಸ ತಪ್ಪೋಗದೆ ಅನ್ನಿ. ಯಾರು ಕೇಳ್ತಾರೆ?”

“ನಾಲ್ಕು ಹಂತ ಅಂತ ಅಚ್ಚು ಹಾಕಿದ್ದಾರಲ್ಲಪ್ಪ. ದಾಟೋ ದಾರಿ ಇದ್ದೇ ಇರುತ್ತೆ, ನಮಗೆ ಕಾಣ್ತಿಲ್ಲ” ಎಂದರು ಭರತೇಶರು. ಅಚ್ಚಾದ ಅಕ್ಷರವನ್ನು ಅನುಮಾನಿಸುವುದು ಬ್ಯಾಂಕಿನವರ ರಕ್ತದಲ್ಲಿ ಇಲ್ಲ.

ದಿನವೂ ಸಂಜೆ ಆರಕ್ಕೆ ಸರಿಯಾಗಿ ರಾಮಮೋಹನರ ಫೋನು ಬರುತ್ತಿತ್ತು. “ಆಡ್ತಿದ್ದೀರಾ ಬಾವಗಾರು? ಜಾಸ್ತಿ ಆಡಬೇಡಿ, ಕಣ್ಣಿಗೆ ಒಳ್ಳೇದಲ್ಲ.” ಮರುದಿನ: “ಎಲ್ಲೀವರೆಗೆ ಬಂತು? ಎರಡನೇದಾ? ಸಾಕು ಬಿಡಿ. ಅಣ್ಣನಿಗೆ ನಾನು ಹೇಳ್ತೀನಿ, ಟೀವಿ ಕೆಟ್ಟಿದೆ ಅಂತ.” ಅದರ ಮರುದಿನ: “ಆವತ್ತು ಮಂಟಪದಲ್ಲಿ ಕರೆಂಟು ಹೋದರೂ ಹೋಗಬಹುದು.” ಸುಳ್ಳನ್ನು ಸಹಿಸದ ಮನುಷ್ಯ ತಮ್ಮ ಮೇಲಿನ ಪ್ರೀತಿಗೆ ಇಷ್ಟು ಇಳಿದು ಬರುತ್ತಿದ್ದಾನಲ್ಲ ಎಂದು ಭರತೇಶರಿಗೆ ನಾಚಿಕೆಯಾಗಿ, ಪ್ರತಿ ಫೋನಿನ ನಂತರ ಇನ್ನೊಂದು ಗಂಟೆ ಹೆಚ್ಚು ಆಡುತ್ತಿದ್ದರು.

ಹದಿನೈದನೇ ದಿನ, ಭರತೇಶರು ಮ್ಯಾನೇಜರಾಗಿದ್ದ ದ್ವಾರಕಾ ನಗರದ ಬ್ರಾಂಚಿನಲ್ಲಿ ಕೆಲಸ ನಿಂತಿತು. ಅಧಿಕಾರಿಗಳು ಬೆಳಿಗ್ಗೆ ಕಂಪ್ಯೂಟರಿಗೆ ಹೆಬ್ಬೆರಳು ಒತ್ತಿದರೆ ಮಾತ್ರ ಅದು ತೆರೆಯುವುದು. ಭರತೇಶರು ಬಲ ಹೆಬ್ಬೆರಳು ಒತ್ತಿದರು. ಯಂತ್ರ ಒಪ್ಪಲಿಲ್ಲ. ಎಡ ಹೆಬ್ಬೆರಳು ಒತ್ತಿದರು. ಅದನ್ನೂ ಒಪ್ಪಲಿಲ್ಲ. ಎಡಗೈ ಎಂಕಣ್ಣನನ್ನು ಓಡಿಸಿ, ಬಲಗೈ ಹಾರಿಸಿ, ಎರಡೂ ಬೆರಳಿನ ಗೆರೆಗಳು ಸವೆದು ನುಣ್ಣಗಾಗಿದ್ದವು.

“ಸಾರ್, ಮಷೀನಿನ ಪ್ರಕಾರ ನೀವು ನೀವಲ್ಲ” ಎಂದಳು ಪಕ್ಕದ ಟೇಬಲ್ಲಿನ ಕಿರಿಯ ಅಧಿಕಾರಿ ಮಾನಸ, ಬಹಳ ಗೌರವದಿಂದ.

ಲಾಕರ್ ತೆರೆಸಲು ಬಂದಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ಕನಕದುರ್ಗ ಇದನ್ನು ಕೇಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ದ್ವಾರಕಾ ನಗರದಲ್ಲಿ ಮೂರು ಸುದ್ದಿ ಹಬ್ಬಿದ್ದವು: ಮ್ಯಾನೇಜರು ಸಸ್ಪೆಂಡ್ ಆಗಿದ್ದಾರೆ, ಮ್ಯಾನೇಜರಿಗೆ ಚರ್ಮದ ಕಾಯಿಲೆ, ಅಸಲಿ ಮ್ಯಾನೇಜರನ್ನು ಎಲ್ಲೋ ಕೂಡಿಹಾಕಿ ಅವರ ಅವಳಿ ತಮ್ಮ ಬಂದು ಕೂತಿದ್ದಾನೆ. ಮೂರನೆಯದನ್ನು ಕನಕದುರ್ಗ ಪೂರ್ತಿ ನಂಬಿ, ಭರತೇಶರ ಎದುರು ಬಂದು, “ನಿನ್ನ ಅಣ್ಣ ಬಹಳ ಒಳ್ಳೆಯವರು, ಬಿಟ್ಟುಬಿಡಪ್ಪಾ” ಎಂದು ಬುದ್ಧಿ ಹೇಳಿ ಹೋದರು.

ಮೇಲಿನ ಕಚೇರಿಯಿಂದ ಪತ್ರ ಬಂತು: ಅಧಿಕಾರಿಯೊಬ್ಬರ ಎರಡೂ ಹೆಬ್ಬೆರಳಿನ ಗುರುತುಗಳು ಒಟ್ಟಿಗೆ ಕಾಣೆಯಾಗಲು ಕಾರಣವನ್ನು ಮೂರು ದಿನಗಳೊಳಗೆ ತಿಳಿಸತಕ್ಕದ್ದು. ಭರತೇಶರು ಎಷ್ಟೋ ಹೊತ್ತು ಯೋಚಿಸಿ, ಮಗಳ ಶುಭಕಾರ್ಯದ ನಿಮಿತ್ತ ಎಂದು ಬರೆದರು. ಅಕ್ಷರಶಃ ನಿಜವಾದ ಮಾತು ಅದು. ಮುಂದೆ ಇಂಥ ಸಂದರ್ಭಗಳಲ್ಲಿ ಬೆರಳಿನ ಗುರುತು ಕಳೆದುಕೊಳ್ಳುವ ಮೊದಲು ಲಿಖಿತ ಅನುಮತಿ ಪಡೆಯಬೇಕೆಂದು ಮರುಪತ್ರ ಬಂತು.

ನಿಶ್ಚಿತಾರ್ಥದ ಹಿಂದಿನ ದಿನದವರೆಗೂ ಭರತೇಶರು ಆ ಕಂಡಿಯನ್ನು ದಾಟಲಿಲ್ಲ. ಪ್ರೇರಣಾ ಬಂದು ಚಾಪೆಯ ಮೇಲೆ ಕೂತಳು. ತಂದೆಯ ಬೆರಳಿಗೆ ಎಣ್ಣೆ ಹಚ್ಚಿದಳು.

“ಸಾಕು ಅಪ್ಪಾಜಿ. ಆಗಿದ್ದಾಗಲಿ.”

“ಆಗೋದು ನಿನಗಮ್ಮಾ. ನಂಗಾಗಿದ್ರೆ ಚಿಂತೆ ಇರಲಿಲ್ಲ” ಎಂದರು ಭರತೇಶರು. ಬೆಳಿಗ್ಗೆ ಬ್ಯಾಂಡೇಜು ಸುತ್ತಿದ ಎರಡು ಹೆಬ್ಬೆರಳುಗಳೊಂದಿಗೆ ರೈಲು ಹತ್ತಿದರು.

ವಿಜಯವಾಡದ ಆ ಸಣ್ಣ ಕಲ್ಯಾಣಮಂಟಪದಲ್ಲಿ ಎಂಬತ್ತು ಜನ ಸೇರಿದ್ದರು. ವೇದಿಕೆಯ ಮೇಲೆ ಹಣ್ಣಿನ ತಟ್ಟೆ, ಸೀರೆಯ ತಟ್ಟೆ, ತಾಂಬೂಲದ ತಟ್ಟೆ, ಅವುಗಳ ನಡುವೆ ಹೂವಿನ ಹಾರ ಹಾಕಿದ ಒಂದು ಡಬ್ಬಾ ಟೀವಿ. ಹಾರ ಬಾಬ್ಜಿಯವರ ಏರ್ಪಾಡು. ಮುಹೂರ್ತ ನಾಲ್ಕೂ ನಲವತ್ತಕ್ಕೆ, ಆಟ ಮೂರಕ್ಕೆ. ಟೀವಿ ಕೆಟ್ಟಿರಲಿಲ್ಲ. ಕರೆಂಟೂ ಹೋಗಲಿಲ್ಲ. ರಾಮಮೋಹನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರು, ಬಾಬ್ಜಿ ರಾಮಮೋಹನರ ಪಕ್ಕದಲ್ಲೇ ನಿಂತಿದ್ದರು.

ಭರತೇಶರು ಬ್ಯಾಂಡೇಜು ಬಿಚ್ಚಿ ಟೀವಿಯ ಮುಂದೆ ಹಾಸಿದ್ದ ಚಾಪೆಯ ಮೇಲೆ ಕೂತರು. ಮೊದಲ ಇರುವೆ ಬಂತು. ಎಂಕಣ್ಣ ಮೂಲೆಗೆ ಸರಿದು ನಿಂತ.

“ತುಳಿಯಲ್ಲವಾ?” ಎಂದರು ಬಾಬ್ಜಿ.

“ತುಳಿಯಲ್ಲ” ಎಂದರು ಭರತೇಶರು.

ಎಂಬತ್ತು ಜನವೂ ನಕ್ಕರು. ಹಲ್ಲಿ ಬಂತು, ಎಂಕಣ್ಣ ಅದಕ್ಕೆ ದಾರಿ ಬಿಟ್ಟ. ಇನ್ನಷ್ಟು ನಕ್ಕರು. ಎರಡನೇ ಹಂತದಲ್ಲಿ ನೀರಿನ ಟ್ಯಾಂಕಿಯ ಮೇಲೆ ಒಂದು ಕೋತಿ ಕೂತಿತ್ತು. ಭರತೇಶರು ಅದು ಎದ್ದು ಹೋಗುವ ತನಕ ಕಾದರು. ಬಾಬ್ಜಿ ಪರದೆಗೆ ಬೆನ್ನು ಮಾಡಿ ನಿಂತು, ಎಂಕಣ್ಣನಿಗೆ ಒಂದು ಕಾಫಿ ಕೊಡಿ, ಪಾಪ, ಎಂದು ಜನರನ್ನು ನಗಿಸಿದರು. ಎಲ್ಲರೂ ಬಾಬ್ಜಿಯವರನ್ನು ನೋಡುತ್ತಿದ್ದರು. ಅಷ್ಟರಲ್ಲಿ ಕೋತಿ ಎದ್ದು ಹೋಗಿ, ಎಂಕಣ್ಣ ಒಂದು ಸೆಕೆಂಡು ತಡವಾಗಿ, ಆದರೆ ಸರಿಯಾಗಿ ಹಾರಿದ. ಮೂರನೇ ಹಂತ ಬಂತು. ನಗು ನಿಂತಿತು. ಇಷ್ಟು ದೂರ ಬಂದದ್ದನ್ನು ಆ ಮನೆತನದಲ್ಲಿ ಯಾರೂ ನೋಡಿರಲಿಲ್ಲ. ಹಿಂದಿನ ಸಾಲಿನವರು ಕುರ್ಚಿಯ ಮೇಲೆ ಹತ್ತಿದರು.

ಕಂಡಿ ಬಂತು. ಎಂಕಣ್ಣ ಅದರ ಅಂಚಿನಲ್ಲಿ ನಿಂತ.

ಬಿದ್ದುಬಿಟ್ಟರೆ ಆಯಿತು. ಅಭ್ಯಾಸ ತಪ್ಪಿದೆ ಎಂದರೆ ಮುಗಿಯಿತು. ಪೃಥ್ವೀರಾಜ್ ಹೇಳಿಕೊಟ್ಟ ದಾರಿ ಅಷ್ಟು ಸುಲಭವಾಗಿತ್ತು. ಭರತೇಶರು ಗುಂಡಿಯ ಮೇಲೆ ಬೆರಳಿಟ್ಟು, ಒಮ್ಮೆ ತಲೆ ಎತ್ತಿ ರಾಮಮೋಹನರನ್ನು ನೋಡಿದರು. ಆ ಮನುಷ್ಯನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಕೈ ಎರಡೂ ಮುಗಿದಿದ್ದವು. ನಾನು ಗೆಲ್ಲಲಿ ಎಂದು ದೇವರಿಗೆ ಮೊರೆಯಿಡುತ್ತಿದ್ದಾರೆ ಎಂದುಕೊಂಡರು ಭರತೇಶರು. ಇಂಥವರಿಗೆ ಇನ್ನೊಂದು ಸುಳ್ಳು ಹೇಳಲು, ಅಷ್ಟು ಪಳಗಿದ ಅವರ ನಾಲಿಗೆಗೂ ಆಗಲಿಲ್ಲ.

ಆಟದ ಹಿಡಿಯನ್ನು ಕೆಳಗಿಟ್ಟು ಎದ್ದು ನಿಂತರು.

“ಇದನ್ನ ನಾನು ಮುಗಿಸಿಲ್ಲ” ಎಂದರು. ತೆಲುಗಿನಲ್ಲಿ ಶುರು ಮಾಡಿದ್ದು ಎರಡನೇ ವಾಕ್ಯಕ್ಕೆ ಕನ್ನಡವಾಯಿತು. “ಹಾಸನದಲ್ಲಿ ಆಡಿಲ್ಲ. ಹೆಸರೂ ಕೇಳಿರಲಿಲ್ಲ. ಆವತ್ತು ನಿಮ್ಮ ಮನೇಲಿ ಹೇಳಿದ್ದು ಸುಳ್ಳು. ಇಪ್ಪತ್ತೆರಡು ದಿನ ಆಡಿದೆ ರಾಮಮೋಹನ್‌ಗಾರು, ನಿಮ್ಮಾಣೆ, ಇದರಾಚೆ ಹೋಗೋಕೆ ಆಗಲಿಲ್ಲ. ನನ್ನ ಯೋಗ್ಯತೆ ಇಷ್ಟೇ. ನನ್ನ ಬಾಯಿ ಮಾಡಿದ ತಪ್ಪಿಗೆ ನನ್ನ ಮಗಳಿಗೆ ಶಿಕ್ಷೆ ಕೊಡಬೇಡಿ. ಅವಳು ನನ್ನ ಹಾಗಲ್ಲ. ನಿಮ್ಮ ಹಾಗೆ.”

ಪ್ರೇರಣಾ ಸೀರೆಯ ಸೆರಗನ್ನು ಮುದ್ದೆ ಮಾಡಿ ಹಿಡಿದು ನಿಂತಿದ್ದಳು. ಸುಮಂತ್ ಅವಳ ಪಕ್ಕಕ್ಕೆ ಬಂದು ನಿಂತ.

“ನೋಡಿದೆಯಾ ತಮ್ಮುಡೂ” ಎಂದರು ಬಾಬ್ಜಿ ನಿಧಾನವಾಗಿ. “ಬಾಡಿಗೆ ಮನೆಯವರನ್ನ ಬಾಗಿಲಿಂದ ಕಳಿಸಿದೆ. ಇವರನ್ನ ಏನು ಮಾಡ್ತೀಯ?” ಎಂದು ತಾಂಬೂಲದ ತಟ್ಟೆಯನ್ನು ಎತ್ತಿ ತಮ್ಮನ ಕೈಗೆ ಕೊಟ್ಟರು.

ರಾಮಮೋಹನ್ ತಟ್ಟೆ ಹಿಡಿದು ಟೀವಿಯ ಹತ್ತಿರ ಬಂದರು. ಎಂಕಣ್ಣ ಇನ್ನೂ ಕಂಡಿಯ ಅಂಚಿನಲ್ಲೇ ನಿಂತಿದ್ದ.

“ಅನ್ನಯ್ಯಾ, ಇದನ್ನ ಯಾರೂ ದಾಟೋಕೆ ಆಗಲ್ಲ” ಎಂದರು. ದನಿ ಇನ್ನೂ ಸಣ್ಣದಾಗಿತ್ತು. “ಇದರಾಚೆ ಏನೂ ಇಲ್ಲ. ನಾನು ಮಾಡಲೇ ಇಲ್ಲ. ರಜಾ ಮುಗಿದುಹೋಯಿತು. ನಾಲ್ಕು ಹಂತ ಅಂತ ಕ್ಯಾಸೆಟ್ಟಿನ ಮೇಲೆ ಆಗಲೇ ಅಚ್ಚಾಗಿತ್ತು. ಮೂರನೇದರಲ್ಲಿ ಒಂದು ಕಂಡಿ ತೋಡಿ ಬಿಟ್ಟುಬಿಟ್ಟೆ. ಯಾರೂ ಇಲ್ಲೀವರೆಗೆ ಬರಲ್ಲ ಅಂತ ಗೊತ್ತಿತ್ತು. ಇಷ್ಟು ವರ್ಷ ಯಾರೂ ಬರಲಿಲ್ಲ. ಇಪ್ಪತ್ತೆರಡು ದಿನದಿಂದ ನನಗೆ ನಿದ್ದೆ ಇಲ್ಲ.”

ಬಾಬ್ಜಿ ಕುರ್ಚಿ ಹುಡುಕಿ ಕೂತರು.

ಭರತೇಶರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಂಕಣ್ಣನ ಸಹವಾಸದಿಂದ ಅವರೂ ಒಂದು ಸೆಕೆಂಡು ತಡವಾಗಿದ್ದರು. “ಹಾಗಾದ್ರೆ ನಾನು ನಾಲ್ಕೂ ಮುಗಿಸಿದ್ದೀನಿ ಅಂದ ತಕ್ಷಣ...”

“ತಕ್ಷಣ ಗೊತ್ತಾಯಿತು.”

“ಗೊತ್ತಿದ್ದೂ ತಬ್ಬಿಕೊಂಡ್ರಾ?”

“ಬಾವಗಾರು” ಎಂದರು ರಾಮಮೋಹನ್. ಕಣ್ಣು ಒರೆಸಿಕೊಳ್ಳಲು ಹೋದರೆ ಕೈಯಲ್ಲಿ ತಟ್ಟೆ. “ಈ ಆಟದ ಬಗ್ಗೆ ಇಷ್ಟು ವರ್ಷ ಎಲ್ಲರೂ ನನಗೆ ನಿಜವನ್ನೇ ಹೇಳಿದ್ದಾರೆ. ನನ್ನ ಮನಸ್ಸು ನೋಯಬಾರದು ಅಂತ ಒಂದು ಸುಳ್ಳು ಹೇಳಿದೋರು ನೀವೊಬ್ಬರೇ.”

ತಾಂಬೂಲದ ತಟ್ಟೆಯನ್ನು ಭರತೇಶರ ಕೈಗೆ ಕೊಟ್ಟರು. ಅನ್ನಪೂರ್ಣಮ್ಮ ಜೋರಾಗಿ ಮೂಗು ಸೀಟಿದರು. ವಿಜಯಲಕ್ಷ್ಮೀ ಅವರ ಕೈ ಹಿಡಿದುಕೊಂಡರು. ಪುರೋಹಿತರು ಇದೇ ಸಮಯವೆಂದು ಮಂತ್ರ ಎತ್ತಿಕೊಂಡರು.

“ಒಂದು ನಿಮಿಷ ಪಂತುಲುಗಾರು” ಎಂದು ರಾಮಮೋಹನ್ ಅವರನ್ನು ತಡೆದರು. “ಬಾವಗಾರು, ಕೊನೇವರೆಗೆ ಆಡಿದೋರು ನೀವು. ಇವತ್ತು ನಿಜ ಹೇಳಿ. ಹೇಗಿದೆ ಆಟ?”

ವಿಜಯಲಕ್ಷ್ಮೀ ಗಂಡನ ತೋಳು ಚಿವುಟಿದರು. ನಿಜ ಹೇಳಲೆಂದೋ ಸುಳ್ಳು ಹೇಳಲೆಂದೋ ಭರತೇಶರಿಗೆ ತಿಳಿಯಲಿಲ್ಲ.

“ಕೆಟ್ಟದಾಗಿದೆ” ಎಂದರು ಭರತೇಶರು. ಜೀವನದಲ್ಲಿ ಎದುರಿಗಿದ್ದವರಿಗೆ ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು. “ಹಾರು ಅಂದ್ರೆ ಹಾರಲ್ಲ. ಹಲ್ಲಿ ಗೋಡೆಯೊಳಗಿಂದ ಬರುತ್ತೆ. ಸಂಗೀತ ಕೇಳಿದ್ರೆ ತಲೆನೋವು ಬರುತ್ತೆ. ಆದರೆ ಆ ನೀರಿನ ಟ್ಯಾಂಕಿ ಇದೆಯಲ್ಲ, ಅಲ್ಲಿ ಕೋತೀನ ತುಳೀದೆ ಸುಮ್ಮನೆ ನಿಂತುಕೊಂಡ್ರೆ, ಹಿಂದುಗಡೆ ಕೃಷ್ಣಾ ನದಿ ಕಾಣುತ್ತೆ. ಸ್ವಲ್ಪ ಹೊತ್ತಿಗೆ ಸಾಯಂಕಾಲ ಆಗುತ್ತೆ. ನೀರು ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ಒಂದೊಂದೇ ದೀಪ. ಕೋತಿ ಹೋದಮೇಲೂ ನಾನು ದಿನಾ ಅಲ್ಲೇ ನಿಂತಿರ್ತಿದ್ದೆ. ಅದಕ್ಕೇ ನನಗೆ ಮುಂದಕ್ಕೆ ಹೋಗೋಕೆ ಅಷ್ಟು ದಿನ ಹಿಡೀತು.”

ರಾಮಮೋಹನ್ ಪರದೆಯ ಕಡೆ ತಿರುಗಿದರು.

“ಆ ನದೀಗೇ ನಾಲ್ಕು ತಿಂಗಳು ಹಿಡೀತು ಬಾವಗಾರು” ಎಂದರು. “ಇಲ್ಲದಿದ್ರೆ ನಾಲ್ಕನೇ ಹಂತ ಮುಗಿದುಹೋಗ್ತಿತ್ತು.”

ಬಾಬ್ಜಿ ಕುರ್ಚಿಯಲ್ಲೇ ಮುಂದಕ್ಕೆ ಜರುಗಿದರು. “ನದಿಯಾ? ಎಲ್ಲಿ ನದಿ? ನಾನು ನೋಡಲೇ ಇಲ್ಲವಲ್ಲ.” ಅವರ ದನಿಯಲ್ಲಿ ನಗು ಇರಲಿಲ್ಲ. “ಮತ್ತೆ ಹಾಕಿ.”

ಭರತೇಶರು ತಾಂಬೂಲದ ತಟ್ಟೆಯನ್ನು ಮಗಳಿಗೆ ಕೊಟ್ಟು ಚಾಪೆಯ ಮೇಲೆ ಕೂತರು. ಒಂದನೇ ಹಂತದಿಂದ ಶುರು ಮಾಡಿದರು. ಎಂಬತ್ತು ಜನ ಇರುವೆಗಳಿಗೆ ಕಾದರು, ಹಲ್ಲಿಗಳಿಗೆ ಕಾದರು. ಎಂಕಣ್ಣ ಟ್ಯಾಂಕಿ ಹತ್ತಿ ಕೋತಿಯ ಎದುರು ನಿಂತ. ಬಾಬ್ಜಿ ಬಂದು ತಮ್ಮನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಎರಡು ಸಲ ಕೂಗಿ ಹೇಳಿದರು. ಪರದೆಯಲ್ಲಿ ನೀರು ಹಳದಿಯಾಗಲು ಶುರುವಾಗಿತ್ತು, ಯಾರೂ ಏಳಲಿಲ್ಲ.